ಅರ್ಮೇನಿಯದವರು ಎಲ್ಲಿಯವರು

“ಬಂದವರಲ್ಲರಿ, ಅಲ್ಲಿಯವರೇ,” ಎಂದ ಮಚ್ಛೇಂದ್ರ. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿತ್ತು.

ಬೀದರಿನ ಕಾಲೇಜೊಂದರಲ್ಲಿ ಇತಿಹಾಸದ ಅಧ್ಯಾಪಕರು ಸೇರಿದ್ದರು. ಅರ್ಮೇನಿಯದ ಜನರ ಮೂಲವೇ ಅವನ ಪ್ರಬಂಧ. ಅವರು ಪಶ್ಚಿಮದಿಂದ ವಲಸೆ ಬಂದವರೆಂದು ಗ್ರೀಕರು ಬರೆದಿಟ್ಟಿದ್ದರು. ಅಧ್ಯಕ್ಷರಾದ ದತ್ತಾತ್ರಿರಾಯರೂ ತಮ್ಮ ಪುಸ್ತಕದಲ್ಲಿ ಅದನ್ನೇ ಒಪ್ಪಿದ್ದರು. ಮಚ್ಛೇಂದ್ರನ ಪಿಎಚ್.ಡಿ.ಗೆ ಮಾರ್ಗದರ್ಶಕರೂ ಅವರೇ.

“ಪರ್ಶಿಯದ ರಾಜನ ಶಾಸನ ನೋಡ್ರಿ. ಅವನ ಭಾಷೆಯಲ್ಲಿ ಆ ನಾಡಿಗೆ ಅರ್ಮಿನ ಅಂತದ. ಅದೇ ಬಂಡೆಗಲ್ಲಿನ ಮ್ಯಾಲ, ಬ್ಯಾಬಿಲೋನಿನ ಭಾಷೆಯಲ್ಲಿ, ಅಲ್ಲಿ ಮೊದಲಿದ್ದ ಉರಾರ್ತು ರಾಜ್ಯದ ಹೆಸರೇ ಅದ. ಬಂದವರು ಒಂದಿಷ್ಟು ಇರಬಹುದು. ಆದ್ರ ಇದ್ದವರು ಎಲ್ಲಿ ಹೋಗ್ತಾರ್ರಿ? ಆ ಮಂದಿ ತಮ್ಮನ್ನ ‘ಹಾಯ್’ ಅಂತ ಕರ್ಕೋತಾರ. ಅರ್ಮೇನಿಯದವರು ಅನ್ನೋದು ಹೊರಗಿನವರ ಮಾತು.”

ದತ್ತಾತ್ರಿರಾಯರು ಕನ್ನಡಕ ಒರೆಸಿಕೊಂಡರು. “ಇರ್ಲಿ. ನಿಮ್ಮ ಮೂಲ ಯಾವುದು?”

“ಎಕಂಬಾ, ಔರಾದ ತಾಲೂಕ.”

“ಊರಲ್ಲ. ಮಂದಿ.”

“ಬೌದ್ಧರ್ರಿ.”

“ಅದು ಮೊನ್ನೆ ಮೊನ್ನಿಂದು. ಅದಕ್ಕೂ ಮೊದಲು?”

ಯಾರೋ ನಕ್ಕರು. ನಗು ಕೆಮ್ಮಾಗಿ ಮುಗಿಯಿತು.

“ಅದಕ್ಕೂ ಮೊದಲಿಂದು ನೀವು ಇಟ್ಟ ಹೆಸರ್ರಿ,” ಎಂದ ಮಚ್ಛೇಂದ್ರ. “ಅದನ್ನ ನೀವೇ ಇಟ್ಕೋರಿ.”

ಚಹಾದ ಹೊತ್ತಿಗೆ ದತ್ತಾತ್ರಿರಾಯರು ಹತ್ತಿರ ಬಂದು, ಬೇರೆ ಮಾರ್ಗದರ್ಶಕರನ್ನು ನೋಡಿಕೊಂಡರೆ ಚಲೋ ಎಂದು ಮೆಲ್ಲಗೆ ಹೇಳಿದರು. “ಆಗ್ಲಿರಿ,” ಎಂದ. ನಾಲ್ಕು ವರ್ಷದ ಓದು ಒಂದು ಮಾತಿಗೆ ಹೋಯಿತು. ಆದರೂ ಬೆನ್ನು ನೆಟ್ಟಗಾಗಿತ್ತು. ಈ ಸುಖವನ್ನು ತಂಗಿಗೆ ಹೇಳಲೇಬೇಕೆನಿಸಿ ಔರಾದಿನ ಬಸ್ಸು ಹತ್ತಿದ.

ಅದು ಎಪ್ಪತ್ತೆರಡರ ಬರ. ಔರಾದಿನ ಬಸ್‌ಸ್ಟ್ಯಾಂಡಿನಲ್ಲಿ ಗಂಟುಗಳ ನಡುವೆ ತಂಗಿ ಜಿಜಾಬಾಯಿ ಕುಳಿತಿದ್ದಳು. ಗಂಡ ಪಂಢರಿ ನಿದ್ದೆ ಹೋದ ಮಗಳನ್ನು ಹೆಗಲಿಗೆ ಹಾಕಿಕೊಂಡಿದ್ದ. ಸುತ್ತ ಎಕಂಬಾದ ಅವರ ಇಡೀ ಕೇರಿಯೇ ಕುಳಿತಿತ್ತು.

“ಭಾಲ್ಕಿಗಿ ಹೊಂಟೇವಿ ಅಣ್ಣಾ. ಅಲ್ಲಿಂದ ರೈಲು, ಮುಂಬೈಗಿ.”

“ನನಗ ಹೇಳಲಿಲ್ಲ?”

“ಹೇಳಿದ್ರ ಏನ್ ಮಾಡ್ತಿದ್ದಿ?”

ಬೀದರಿನಲ್ಲಿ ಅವನಿಗೊಂದು ಬಾಡಿಗೆ ಖೋಲಿ ಇತ್ತು. ಯಾವ ಮಂದಿ ಎಂದು ಮಾಲಕ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ‘ನನ್ನಲ್ಲಿಗೆ ಬರ್ರಿ’ ಎನ್ನುವ ಬದಲು ಅವನು ಬಸ್ಸು ಬರುವ ದಾರಿ ನೋಡಿದ. ಜಿಜಾಬಾಯಿ ಮುಖ ತಿರುಗಿಸಿ ಗಂಟು ಬಿಗಿದಳು. ಅವಳಿಗೆ ತಿಳಿಯಿತೋ ಏನೋ.

“ಇವತ್ತ ದೊಡ್ಡ ಸಭಾದಾಗ ಮಾತಾಡಿದೆ,” ಎಂದ.

“ಏನ್ ಮಾತಾಡಿದಿ?”

“ಒಂದು ಮಂದಿ ಹೊರಗಿಂದ ಬಂದವರಲ್ಲ, ಆ ನೆಲದವರೇ ಅಂತ.”

“ಒಪ್ಪಿದ್ರೇನು?”

“ಒಪ್ಪಲಿಲ್ಲ. ನಾನೂ ಬಗ್ಗಲಿಲ್ಲ.”

ಅವಳ ಮುಖ ಅರಳಿತು. “ಕೇಳ್ರಿ, ನಮ್ಮಣ್ಣ ಬಗ್ಗಲಿಲ್ಲಂತ,” ಎಂದು ಗಂಡನನ್ನು ತಟ್ಟಿದಳು. ಬಸ್ಸು ಬಂದಾಗ ಸೆರಗು ಸರಿಮಾಡಿಕೊಂಡು ಎದ್ದಳು. “ಮುಖ ಸಣ್ಣದು ಮಾಡ್ಬ್ಯಾಡ. ಬೇಡಲಿಕ್ಕ ಹೊಂಟಿಲ್ಲ ನಾವು, ದುಡೀಲಿಕ್ಕ ಹೊಂಟೇವಿ.”

ಬಸ್ಸು ಹೋಯಿತು. ಬೀದರಿಗೆ ಮರಳಬಹುದಿತ್ತು, ಯಾಕೋ ಎಕಂಬಾದ ಕಡೆಗೇ ಹೋದ.

ಕೇರಿಯ ಬಾಗಿಲುಗಳಿಗೆ ಜಾಲಿಮುಳ್ಳು ಅಡ್ಡ ಇಟ್ಟಿದ್ದರು. ಒಂದು ಮನೆಯ ಮುಂದೆ ಸಾರಿಸಿದ ಸೆಗಣಿ ಇನ್ನೂ ಹಸಿಯಾಗಿತ್ತು. ಬತ್ತಿದ ಬಾವಿಯ ಬಳಿ ಸರಕಾರದ ನೀರಿನ ಟ್ಯಾಂಕರ್ ನಿಂತಿತ್ತು. ಈ ಕೇರಿಗೆ ಅದು ಮೊದಲ ಸಲ ಬಂದಿತ್ತು. ಡ್ರೈವರ್ ಮುರ್ತುಜಾ ಹಾರ್ನ್ ಹೊಡೆದು ಹೊಡೆದು ಸಾಕಾಗಿ ಕೆಳಗಿಳಿದಿದ್ದ.

“ಇಲ್ಲಿ ಯಾರ್ ಇರ್ತಾರ್ರಿ ಸಾಬ್?”

“ನಾವು,” ಎಂದ ಮಚ್ಛೇಂದ್ರ, ತಲೆಯೆತ್ತಿ.

ಮುರ್ತುಜಾ ಅವನ ಬೆನ್ನ ಹಿಂದೆ ನೋಡಿದ. ಬಗ್ಗಿ ಓಣಿಯ ಕೊನೆವರೆಗೂ ನೋಡಿದ. ಆಮೇಲೆ ಪೈಪನ್ನು ಬಾವಿಗಿಳಿಸಿ ತಿರುಪು ತಿರುಗಿಸಿದ. ನೀರು ಆಳದ ಬರಿಗಲ್ಲಿಗೆ ಬಡಿದು, ಜಾತ್ರೆಯ ಮಂದಿಯ ಹಾಗೆ ಗದ್ದಲ ಮಾಡತೊಡಗಿತು.