ಏಳನೇ ಮಂಚದ ಚೀಟಿ

ವಾರ್ಡಿನ ಗೋಡೆಗೆ ಚೀಟಿಗಳು ಬಂದ ದಿನದಿಂದ ಮುನಿವೆಂಕಟಪ್ಪನಿಗೆ ಅನ್ನ ರುಚಿಸುತ್ತಿರಲಿಲ್ಲ. ಪ್ರತಿ ಮಂಚದ ತಲೆಯ ಕಡೆ ಗೋಡೆಗೊಂದು ಮೊಳೆ, ಮೊಳೆಗೊಂದು ಚೀಟಿ. ಅದರಲ್ಲಿ ಮಂಚದ ನಂಬರು, ರೋಗಿಯ ಹೆಸರು, ಕೊಡಬೇಕಾದ ಔಷಧ, ಗಂಜಿ. ಎಲ್ಲವೂ ಆ ಬಸವಲಿಂಗಪ್ಪನ ಮುತ್ತಿನಂಥ ಅಕ್ಷರದಲ್ಲಿ.

ಕೆಂಗೇರಿಯ ಆ ಪುಟ್ಟ ಆಸ್ಪತ್ರೆಯಲ್ಲಿ ಮುನಿವೆಂಕಟಪ್ಪ ಆರು ವರ್ಷದಿಂದ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರು. ಓದು ಮಿಡ್ಲ್ ಸ್ಕೂಲಿಗೇ ನಿಂತಿತ್ತು. ಆದರೇನು, ಮೈಸೂರು ರಸ್ತೆಯ ಅಕ್ಕಪಕ್ಕದ ಹಳ್ಳಿಗಳಲ್ಲಿ ಅವನ ಕೈಯಲ್ಲಿ ಪಟ್ಟಿ ಕಟ್ಟಿಸಿಕೊಳ್ಳದ ಮನೆಯಿರಲಿಲ್ಲ. ಯಾರಿಗೆ ಮದ್ದು ಕೊಡುವಾಗಲೂ ಮೊದಲು, “ಹೆಸರೇನವ್ವಾ? ಯಾವೂರು? ಯಾರ ಮನೆಯೋರು?” ಎಂದು ಕೇಳುವುದು ಅವನ ಅಭ್ಯಾಸ.

ರಾಜ್ಯ ಒಂದಾದ ಮರುವರ್ಷ ಹಾವೇರಿ ಕಡೆಯಿಂದ ಬಸವಲಿಂಗಪ್ಪ ಕಾಂಪೌಂಡರಾಗಿ ಬಂದ. ವಯಸ್ಸು ಇವನದೇ. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಪೆನ್ನು, ಪರೀಕ್ಷೆ ಪಾಸು. ಚೀಟಿಗಳನ್ನು ನೋಡಿ ಡಾಕ್ಟರು ಹಿಗ್ಗಿಹೋದರು.

“ನೋಡಿ ಕಲಿಯೋ ಮುನಿಯಾ. ಇನ್ಮೇಲೆ ಚೀಟಿ ಓದಿದ್ರೆ ಸಾಕು. ನೀನು ಯಾವೂರು, ಯಾರ ಮನೆ ಅಂತ ನಿಂತ್ಕೊಂಡ್ರೆ ಹೆಣ್ಣು ನೋಡೋಕೆ ಬಂದಂಗಿರುತ್ತೆ!”

ವಾರ್ಡೆಲ್ಲ ನಕ್ಕಿತು. ಬಸವಲಿಂಗಪ್ಪ ಮಾತ್ರ ನಗಲಿಲ್ಲ. ನಕ್ಕಿದ್ದರೆ ಜಗಳಕ್ಕಾದರೂ ಒಂದು ನೆಪ ಸಿಗುತ್ತಿತ್ತು. ಬದಲಿಗೆ ಅವನು “ಮುನಿವೆಂಕಟಪ್ಪನವರೇ” ಎಂದು ಪೂರಾ ಹೆಸರು ಹಿಡಿದು ಕರೆಯುತ್ತಿದ್ದ. ಆ ಮರ್ಯಾದೆಯೂ ಮೈಗೆ ತುರುಚೆ ಸೊಪ್ಪು ಸವರಿದ ಹಾಗಾಗುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಏಳನೇ ಮಂಚದ ಬೋರಮ್ಮ ಕೈಬೀಸಿ ಕರೆದಳು.

“ಮುನಿಯಪ್ಪಾ, ಈ ಮಂಚ ನಂಗ್ ಬ್ಯಾಡ ಕಣಪ್ಪ. ಉತ್ತರಕ್ಕೆ ತಲೆ ಹಾಕಿ ಯಾರಾದ್ರೂ ಮಲಗ್ತಾರಾ? ಮೂರು ದಿನದಿಂದ ರೆಪ್ಪೆ ಮುಚ್ಚಿಲ್ಲ. ತಿರುಗಿ ಮಲಕ್ಕೊಂಡ್ರೆ ಆ ಹೊಸಪ್ಪ ಬಂದು ಚೀಟಿ ಕೆಳಗೇ ತಲೆ ಇರ್ಬೇಕು ಅಂತಾನೆ.”

ಎದುರು ಗೋಡೆಯ ಎರಡನೇ ಮಂಚದಿಂದ ಹನುಮಕ್ಕ, “ಇಲ್ಲಿಗೆ ಬಾರವ್ವ, ನಾನು ಅಲ್ಲಿಗೆ ಹೋಗ್ತೀನಿ. ಈ ಕಾಲುನೋವಲ್ಲಿ ನಂಗೆ ಯಾವ ದಿಕ್ಕಾದ್ರೂ ಒಂದೇ” ಎಂದಳು.

ಮುನಿವೆಂಕಟಪ್ಪ ಇಬ್ಬರನ್ನೂ ಹಿಡಿದು ನಡೆಸಿ ಮಂಚ ಬದಲಾಯಿಸಿದ. ಗಂಟು, ಚೊಂಬು ಎತ್ತಿಟ್ಟ. ಚೀಟಿಗೆ ಕೈ ಚಾಚಿದವನು ಅಲ್ಲೇ ನಿಂತ. ಚೀಟಿ ಯಾರ ಕೆಲಸ? ಆ ಪಾಸಾದವನದು. ಒಬ್ಬರ ಗಂಜಿ ಇನ್ನೊಬ್ಬರಿಗೆ ಕೊಟ್ಟು ಎಲ್ಲರೆದುರು ಪೆಚ್ಚಾಗಲಿ. ಡಾಕ್ಟರೂ ಕಣ್ಣಾರೆ ನೋಡಲಿ. ಕೈ ಇಳಿಸಿ ಪಟ್ಟಿ ಒಗೆಯಲು ಹೋದ.

ವಾಪಸ್ಸು ಬರುವ ಹೊತ್ತಿಗೆ ಡಾಕ್ಟರು ಬಾಗಿಲಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. ಬಸವಲಿಂಗಪ್ಪ ಎರಡನೇ ಮಂಚದ ಚೀಟಿ ಓದಿ ಸೂಜಿ ಎತ್ತಿದ್ದ. ಚೀಟಿಯಲ್ಲಿದ್ದದ್ದು ಹನುಮಕ್ಕನ ಹೆಸರು, ಪೆನಿಸಿಲಿನ್. ಕೆಳಗೆ ತೋಳು ಚಾಚಿ ಕಣ್ಣು ಮುಚ್ಚಿದ್ದವಳು ಬೋರಮ್ಮ.

ನಾಲ್ಕು ದಿನದ ಹಿಂದೆ ಇದೇ ಸೂಜಿಗೆ ಬೋರಮ್ಮನ ಮುಖ ಊದಿ ಉಸಿರು ಕಟ್ಟಿತ್ತು. ಅವಳನ್ನು ಎದೆಗಾನಿಸಿ ಹಿಡಿದಿದ್ದವನು ಮುನಿವೆಂಕಟಪ್ಪನೇ. ‘ಪೆನಿಸಿಲಿನ್ ಕೂಡದು’ ಎಂದು ಕೆಂಪು ಶಾಯಿಯಲ್ಲಿ ಬರೆದ ಅವಳ ಚೀಟಿ ಏಳನೇ ಮಂಚದ ಮೇಲೆ ಸುಮ್ಮನೆ ತೂಗುತ್ತಿತ್ತು.

ಚುಚ್ಚಲಿ, ನಾಳೆಯೇ ಇವನು ಹಾವೇರಿ ರೈಲು ಹತ್ತುತ್ತಾನೆ. ಆ ಯೋಚನೆ ಬಂದದ್ದು ನಿಜ. ಒಂದು ಉಸಿರಿನಷ್ಟು ಹೊತ್ತು ನಿಂತದ್ದೂ ನಿಜ.

“ಏಯ್! ಚುಚ್ಚಬ್ಯಾಡ! ಅದು ಬೋರಮ್ಮ ಕಣೋ!”

ಸೂಜಿ ಚರ್ಮದಿಂದ ಅರ್ಧ ಬೆರಳು ದೂರದಲ್ಲಿ ನಿಂತಿತು. ಡಾಕ್ಟರು ಓಡಿಬಂದರು.

“ಮಂಚ ಬದಲಾಯಿಸಿದ್ದು ಯಾರು?”

“ನಮ್ಮ ಮುನಿಯಪ್ಪನೇ ಸ್ವಾಮಿ, ಚಿನ್ನದಂಥ ಹುಡುಗ” ಎಂದಳು ಬೋರಮ್ಮ, ಏನೂ ತಿಳಿಯದೆ.

“ಚೀಟಿ ಯಾಕೋ ಬದಲಾಯಿಸಲಿಲ್ಲ? ಮರೆತ್ಯಾ?”

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಬೋರಮ್ಮ ಇನ್ನೂ ತೋಳು ಚಾಚಿಕೊಂಡೇ ಇದ್ದಳು, ಒಣಗಿದ ಕಡ್ಡಿಯಂಥ ತೋಳು.

“ಮರೀಲಿಲ್ಲ ಸಾರ್. ಬೇಕಂತಲೇ ಬಿಟ್ಟೆ. ಇವನ ಮಾನ ಹೋಗ್ಲಿ ಅಂತ. ಸೂಜಿ ನೆನಪಿಗೆ ಬರ್ಲಿಲ್ಲ.”

ಡಾಕ್ಟರ ಮುಖ ಕಪ್ಪಿಟ್ಟಿತು. “ಆಚೆ ಹೋಗು. ಇನ್ನು ಈ ವಾರ್ಡಿಗೆ ಕಾಲಿಡಬೇಡ.”

“ಸರ್, ನಂದೂ ತಪ್ಪೈತ್ರೀ” ಎಂದ ಬಸವಲಿಂಗಪ್ಪ. “ಗ್ವಾಡಿ ನೋಡಿದೆ, ಮಾರಿ ನೋಡ್ಲಿಲ್ಲ. ಅವ್ರು ಕೂಗ್ಲಿಲ್ಲಂದ್ರ ಈ ಯವ್ವ ಇರ್ತಿರ್ಲಿಲ್ಲ.”

ಕೆಲಸ ಉಳಿಯಿತು. ಅವನ ಮಾತಿನಿಂದ ಉಳಿಯಿತಲ್ಲ ಎಂಬುದೇ ರಾತ್ರಿಯಿಡೀ ಮುನಿವೆಂಕಟಪ್ಪನನ್ನು ಕೊರೆಯಿತು.

ಮರುದಿನ ಅವನು ಹನುಮಕ್ಕನ ಕಾಲಿಗೆ ಪಟ್ಟಿ ಸುತ್ತುತ್ತಿದ್ದಾಗ ಎದುರಿನಿಂದ ದನಿ ಕೇಳಿತು. “ಯವ್ವಾ, ನಿಮ್ಮ ಹೆಸರೇನ್ರಿ? ಯಾವೂರು? ಯಾರ ಮನಿಯವ್ರು?”

“ಭೇಷ್ ಬಸವಲಿಂಗಪ್ಪ!” ಎಂದರು ಡಾಕ್ಟರು. “ಒಳ್ಳೆ ಪದ್ಧತಿ.”

ಈ ಸಲ ವಾರ್ಡಿನಲ್ಲಿ ಯಾರೂ ನಗಲಿಲ್ಲ. ಅದು ನನ್ನ ಮಾತು ಎಂಬ ಕೂಗು ಮುನಿವೆಂಕಟಪ್ಪನ ಗಂಟಲವರೆಗೂ ಬಂತು.

“ಅಯ್ಯೋ, ಮೆತ್ತಗೆ ಕಣಪ್ಪಾ!” ಹನುಮಕ್ಕ ನರಳಿದಳು.

ಪಟ್ಟಿ ಅವಳ ಕಾಲಿಗೆ ಕಚ್ಚಿಹಿಡಿದಿತ್ತು. ಅವನು ಕೂಗನ್ನು ನುಂಗಿಕೊಂಡು, ಪಟ್ಟಿಯನ್ನು ಪೂರಾ ಬಿಚ್ಚಿ, ಸಡಿಲವಾಗಿ ಮತ್ತೆ ಮೊದಲಿನಿಂದ ಸುತ್ತತೊಡಗಿದ.