ರಬ್ಬರ್ ಹಚ್ಚಿದ ಕ್ಲ್ಯಾಂಪು

ಸುಧಾಕರ್ ಸಾರ್ ನೋಡಿಬಿಟ್ಟರೋ ಏನೋ. ಬಂಗಾರಪೇಟೆಯಲ್ಲಿ ರೈಲು ಹತ್ತಿದಾಗಿನಿಂದ ಸುಮಲತ ಕಿಟಕಿಯ ಕಂಬಿಗೆ ಹಣೆಯಾನಿಸಿಕೊಂಡು ಇದೊಂದನ್ನೇ ಮೆಲುಕು ಹಾಕುತ್ತಿದ್ದಳು. ನಿನ್ನೆ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಸೀಮೆಸುಣ್ಣ ತಾನಾಗಿಯೇ ಅವಳ ಎಡಗೈಗೆ ಬಂದಿತ್ತು. ಬೋರ್ಡಿನ ಮೇಲೆ ಒಂದು ಸಾಲು ಬರೆದು ತಿರುಗಿದರೆ ಬಾಗಿಲಲ್ಲಿ ಸಾರ್. ಮಕ್ಕಳ ಕೈಬರಹ ತಿದ್ದುವ ಜಾಗದಲ್ಲಿ ಮಿಸ್ಸೇ ಎಡಚಿ ಎಂದು ಗೊತ್ತಾದರೆ ಕೆಲಸ ಉಳಿದೀತೇ? ‘ಬಿ.ಎ. ಮುಗಿದರೂ ನನ್ನ ಭಯ ಇನ್ನೂ ಒಂದನೇ ಕ್ಲಾಸಿನಲ್ಲೇ ಕೂತಿದೆ’ ಎಂದು ಡೈರಿಯಲ್ಲಿ ಬರೆದುಕೊಂಡಿದ್ದಳು. ಅದನ್ನೂ ಎಡಗೈಯಲ್ಲೇ.

ಆ ಕೈಯ ಮಣಿಕಟ್ಟಿನ ಮೇಲೊಂದು ನುಣುಪು ಕಲೆ. ಚಿಕ್ಕವಳಿದ್ದಾಗ ಎಡಗೈಯಲ್ಲಿ ತುತ್ತೆತ್ತಿದಳೆಂದು ಅಜ್ಜಿ ಅಕ್ಕಯ್ಯಮ್ಮ ಒಲೆಯಲ್ಲಿ ಕಾಯಿಸಿದ ಸೌಟನ್ನು ಒತ್ತಿ ಹಿಡಿದಿದ್ದಳು. ಚರ್ಮ ಚುರ್ರೆಂದ ಸದ್ದು ಇವತ್ತಿಗೂ ಒಗ್ಗರಣೆ ಹಾಕುವಾಗ ಕೇಳಿಸುತ್ತದೆ. ಕೇಳಿದವರಿಗೆಲ್ಲ “ಇಸ್ತ್ರಿ ಪೆಟ್ಟಿಗೆ ತಾಗಿತ್ತು” ಎನ್ನುತ್ತಾಳೆ. ಅಜ್ಜಿ ಹೇಳಿಕೊಟ್ಟ ಮಾತು ಅದು.

ಅವಳು ರೈಲಿಳಿಯುವ ಕೋರಮಂಡಲ್‌ನಲ್ಲಿ ಬೇಕರಿಯ ಮೇಲಿನ ಮಹಡಿಯೇ ಸುಧಾಕರ್‌ನ ಕೈಬರಹದ ತರಬೇತಿ ಕೇಂದ್ರ. ಮೂರು ಮೇಜು, ಮೂರು ರೋಬೋಟ್ ತೋಳು. ಕೊಕ್ಕರೆಯ ಕತ್ತಿನಂತೆ ಬಾಗಿದ ತೋಳು, ಅದರ ತುದಿಯಲ್ಲಿ ಅಯಸ್ಕಾಂತ, ಅದಕ್ಕೆ ಕಚ್ಚಿಕೊಂಡ ಪೆನ್ನು. ಮಗು ಪೆನ್ನು ಹಿಡಿದರೆ ತೋಳು ಆ ಕೈಯನ್ನು ಅಕ್ಷರದ ದಾರಿಯಲ್ಲಿ ಮೆಲ್ಲಗೆ ನಡೆಸುತ್ತದೆ. ಮಗು ಕಲಿತಂತೆಲ್ಲ ತನ್ನ ಬಲ ಇಳಿಸಿಕೊಳ್ಳುತ್ತದೆ. ಮಗು ಗಾಬರಿಯಾಗಿ ಎಳೆದುಕೊಂಡರೆ ಅಯಸ್ಕಾಂತ ಪಟ್ಟನೆ ಪೆನ್ನು ಬಿಟ್ಟುಬಿಡುತ್ತದೆ. ಸುಮಲತಳಿಗೆ ಅದರಲ್ಲಿ ತುಂಬ ಇಷ್ಟವಾದದ್ದು ಅದೇ. ಬಿಡು ಎಂದರೆ ಬಿಡುತ್ತಿತ್ತು, ಮನುಷ್ಯರ ಹಾಗಲ್ಲ.

ಒಂದನೇ ಕ್ಲಾಸಿನ ಅನಿರುದ್ಧನನ್ನು ಅವನಪ್ಪ ಗೋಪಾಲ್ ಮೊದಲ ಸಲ ಕರೆತಂದ ದಿನವೇ ರಕ್ತ ಬಿದ್ದಿತ್ತು. ಗೋಪಾಲ್ ಕ್ಯಾಸಂಬಳ್ಳಿ ಕಡೆಯವನು. ಮನೆಯಲ್ಲಿ ರಾಗಿ, ಹಸು. ಅವನು ಮಾತ್ರ ಫ್ಯಾಕ್ಟರಿಯಲ್ಲಿ ಫಿಟ್ಟರ್. ಹುಡುಗ ಪೆನ್ನನ್ನು ಬಲಗೈಯಿಂದ ಎಡಗೈಗೆ ದಾಟಿಸಿದ್ದೇ ತಡ, ಗೋಪಾಲ್ ಮೇಜಿನ ಮೇಲಿದ್ದ ಸ್ಟೀಲ್ ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣುಗಳ ಮೇಲೆ ಬಾರಿಸಿದ. ಚರ್ಮ ಸೀಳಿತು.

“ಯಾವ್ ಕೈಲಾ ಅದು? ತೊಳ್ಕಣ ಕೈ ಕಣ್ಲಾ! ಅದ್ರಾಗೆ ಸರಸ್ವತೀನ ಮುಟ್ತೀಯಾ?”

ನೆಲ ಒರೆಸುತ್ತಿದ್ದ ಮಾರಿಯಮ್ಮ ಬಟ್ಟೆ ಕೆಳಗೆ ಹಾಕಿದಳು. “ಅಯ್ಯಯ್ಯೋ, ಪಾವಂ ಕೊಳಂದೆ, ಪಾಪ ಮಗು! ಎರ್ಡು ಕೈನೂ ಮುರ್ದಾಕ್ಬುಟ್ರೆ ನಾಳೆ ಅದಕ್ಕೆ ನೀನೇ ತೊಳೀತೀಯಾ ಸಾಮಿ?”

“ನೀನ್ ನೆಲ ಒರ್ಸು ಓಗಮ್ಮ.”

ಸುಧಾಕರ್ ನಕ್ಕ. “ಗೋಪಾಲ್ ಅವರೇ, ಇಲ್ಲಿ ಮಾತ್ರ ಹೊಡೀಬೇಡಿ. ಕೆಳಗೆ ಬೇಕರಿಯವರಿಗೆ ಕೇಳಿಸುತ್ತೆ.” ಗೋಪಾಲ್‌ನ ಮಾತು ನಂಬಿ ಫ್ಯಾಕ್ಟರಿಯವರ ಮಕ್ಕಳೆಲ್ಲ ಇಲ್ಲಿಗೇ ಬರುತ್ತಾರೆಂಬ ಆಸೆ ಅವನಿಗೆ.

ಸುಮಲತ ಹತ್ತಿ, ಡೆಟಾಲ್ ತಂದು ಒರೆಸಿದಳು.

ಎರಡು ತಿರುಪು ಸಡಿಲಿಸಿದರೆ ಆ ರೋಬೋಟ್ ತೋಳನ್ನು ಮೇಜಿನ ಎಡಕ್ಕೂ ತಿರುಗಿಸಬಹುದು. ಒಂದು ದಿನ ಗೋಪಾಲ್ ಕೆಳಗೆ ಟೀ ಕುಡಿಯಲು ಇಳಿದಾಗ ಅವಳು ತಿರುಗಿಸಿಯೂ ಬಿಟ್ಟಳು. ಅನಿರುದ್ಧ ಎಡಗೈಯಲ್ಲಿ ಪೆನ್ನು ಹಿಡಿದ. ಕೆರೆಗೆ ಬಿಟ್ಟ ಮೀನಿನಂತೆ ಕೈ ಜಾರಿಕೊಂಡು ಹೋಯಿತು. ಅ, ಆ, ಇ. ಮೇಜಿನ ಮೇಲಿನ ಪುಟ್ಟ ಪರದೆಯಲ್ಲಿ ತೋಳಿನ ಬಲ ತೋರಿಸುವ ಗೆರೆ ಇಳಿಯುತ್ತ ಇಳಿಯುತ್ತ ತಳ ಮುಟ್ಟಿತು. ತೋಳು ಸುಮ್ಮನೆ ಹಿಂದೆ ಹಿಂದೆ ಬರುತ್ತಿತ್ತು, ಅಷ್ಟೇ.

“ಮಿಸ್, ನಾನೇ ಬರ್ದೆ!” ಹುಡುಗ ಬಾಯ್ತುಂಬ ನಕ್ಕ.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಅವಳು ತೋಳನ್ನು ಬಲಕ್ಕೆ ತಿರುಗಿಸಿ, ಹಾಳೆಯನ್ನು ಮುದುರಿ ಮುಷ್ಟಿಯಲ್ಲಿಟ್ಟುಕೊಂಡಳು. ಹುಡುಗ ಅವಳನ್ನೇ ನೋಡಿದ.

ಇವತ್ತು ಅವಳು ಮಹಡಿ ಹತ್ತಿ ಬರುವಷ್ಟರಲ್ಲಿ ಗೋಪಾಲ್ ಆಗಲೇ ಬಂದಿದ್ದ. ಮುಖದಲ್ಲಿ ಹಬ್ಬದ ಕಳೆ. ಟಿಫನ್ ಬ್ಯಾಗಿನಿಂದ ಒಂದು ಅಲ್ಯೂಮಿನಿಯಂ ಕ್ಲ್ಯಾಂಪು ತೆಗೆದು ಮೇಜಿನ ಮೇಲಿಟ್ಟ. ಎರಡು ಬೋಲ್ಟು, ಕೈಯಲ್ಲೇ ತಿರುಗಿಸುವ ಎರಡು ಚಿಟ್ಟೆ ನಟ್ಟು. ಅಂಚುಗಳನ್ನು ಅರದಲ್ಲಿ ಉಜ್ಜಿ ನಯ ಮಾಡಿದ್ದ. ಒಳಮೈಗೆ ಸೈಕಲ್ ಟ್ಯೂಬಿನ ರಬ್ಬರ್ ಅಂಟಿಸಿದ್ದ.

“ನೋಡಿ ಸಾರ್, ತಪ್ಪೆಲ್ಲ ಈ ಅಯಸ್ಕಾಂತದ್ದು. ಇವ್ನು ಎಳ್ದೇಟ್ಗೆ ಬುಟ್ಬುಡ್ತದೆ. ನಮ್ ಶಾಪ್‌ನಾಗೆ ಜಾಬ್, ಅದೇ ಉಜ್ಜೋ ಕಬ್ಣ, ಅಲ್ಲಾಡಿದ್ರೆ ಜಾಬ್‌ಗೆ ಒಡೀತೀವಾ? ಕ್ಲ್ಯಾಂಪ್ ಬಿಗೀತೀವಿ. ನಾನೇ ದಡ್ಡ, ಇಷ್ಟ್ ದಿನ ಸುಮ್ಕೆ ಒಡ್ದೆ.” ಸುಮಲತಳ ಕಡೆ ತಿರುಗಿದ. “ಮಗೀಗೆ ನೋಯ್ಬಾರ್ದು ಅಂತ ರಬ್ಬರ್ ಆಕಿವ್ನಿ, ನೋಡಿ ಮಿಸ್ಸು.”

“ವಾರಂಟಿ ಹೋಗಲ್ಲ ತಾನೆ?” ಎಂದ ಸುಧಾಕರ್.

“ಏನೂ ಆಗಲ್ಲ ಸಾರ್. ಪುಲ್ ಪವರ್ ಕೊಡಿ, ಒಂದೇ ವಾರದಾಗೆ ಕೈ ತಿರುಗ್ತದೆ.”

ಗೋಪಾಲ್ ಮಗನ ಎಡಗೈಯನ್ನು ಟವೆಲಿನಿಂದ ಕುರ್ಚಿಗೆ ಕಟ್ಟಿದ. ಬಲಗೈಯನ್ನು ಪೆನ್ನಿನ ಸಮೇತ ತೋಳಿಗೆ ಸೇರಿಸಿ ಕ್ಲ್ಯಾಂಪಿನಲ್ಲಿ ಕೂರಿಸಿ ನಟ್ಟು ತಿರುಗಿಸಿದ. ಮತ್ತೆ ತಿರುಗಿಸಿದ. ಹುಡುಗನ ಬೆರಳ ತುದಿಗಳು ಬಿಳಿಚಿಕೊಂಡವು.

“ಸಾರ್...” ಎಂದಳು ಸುಮಲತ.

“ಏನಮ್ಮ?”

“ಏನಿಲ್ಲ ಸಾರ್.”

ಸುಧಾಕರ್ ಬಲವನ್ನು ಪೂರ್ತಿ ಏರಿಸಿ ಗುಂಡಿ ಒತ್ತಿದ. ತೋಳು ‘ಇ’ ಬರೆಯಲು ಹೊರಟಿತು. ಮೊದಲ ಸುತ್ತಿಗೇ ಹುಡುಗ ಕಿರುಚಿ ಮೈಯೆಲ್ಲ ಎಡಕ್ಕೆ ಎಸೆದ. ತೋಳು ಬಲಕ್ಕೆ ಎಳೆಯಿತು. ಬಿಡಬೇಕಾದ ಅಯಸ್ಕಾಂತ ಬಿಡಲಾರದೆ ಕ್ಲ್ಯಾಂಪಿನೊಳಗೆ ಸಿಕ್ಕಿಕೊಂಡಿತ್ತು. ಗೋಪಾಲ್ ಹೆಗಲು ಅದುಮಿ ಹಿಡಿದ; ಹುಡುಗ ಅವನ ಹೆಬ್ಬೆರಳಿಗೆ ಬಾಯಿ ಹಾಕಿ ಕಚ್ಚಿದ. ಗೋಪಾಲ್ ಕಪಾಳಕ್ಕೆ ಕೊಟ್ಟ ಏಟಿಗೆ ಮೂಗಿನಿಂದ ರಕ್ತ ಹಾರಿ ಹಾಳೆಯ ಮೇಲೆ ಬಿತ್ತು. ತೋಳು ಆ ರಕ್ತದ ಮೇಲೆಯೇ ಪೆನ್ನು ಓಡಿಸಿತು.

ಸುಮಲತ ಓಡಿಹೋಗಿ ಪ್ಲಗ್ಗು ಕಿತ್ತಳು. ತೋಳು ನಿಲ್ಲಲಿಲ್ಲ. ದಿನಕ್ಕೆರಡು ಸಲ ಕರೆಂಟು ಹೋಗುವ ಊರೆಂದು ಸುಧಾಕರ್ ಬ್ಯಾಟರಿ ಇಡಿಸಿದ್ದ. ತೋಳು ಕುಂಯ್‌ಗುಟ್ಟುತ್ತ ತನ್ನ ಕೆಲಸ ಮಾಡಿತು. ಆಗ ಕೇಳಿಸಿತು, ಹಸಿ ಕಡ್ಡಿ ಮುರಿದಂಥ ಸದ್ದು. ಹುಡುಗನ ಕಿರುಚಾಟ ನಡುವೆಯೇ ತುಂಡಾಯಿತು.

ಕಬ್ಬಿಣದ ಸ್ಟೂಲು ಯಾವಾಗ ಕೈಗೆ ಬಂತೋ ಅವಳಿಗೆ ಗೊತ್ತಿಲ್ಲ. ಎತ್ತಿ ತೋಳಿನ ಬುಡಕ್ಕೆ ಅಪ್ಪಳಿಸಿದಳು. ಕೊಕ್ಕರೆಯ ಕತ್ತು ಬಗ್ಗಿತು. ಇನ್ನೊಂದು ಏಟಿಗೆ ಮುರಿದು ತಂತಿಯಲ್ಲಿ ನೇತಾಡಿತು. ಅವಳು ಇನ್ನೂ ಬಾರಿಸುತ್ತಲೇ ಇದ್ದಳು. ಮಾರಿಯಮ್ಮ ಹಿಂದಿನಿಂದ ಬಂದು ತಬ್ಬಿ ಹಿಡಿದಳು. “ಪೋದುಂ ಕಣ್ಣೂ, ಸಾಕು. ಸತ್ತೋಯ್ತು ಅದು.”

ಆಸ್ಪತ್ರೆಗೆ ಸುಧಾಕರ್‌ನ ಕಾರಿನಲ್ಲಿ ಹೋದರು. ಹುಡುಗ ಅವಳ ತೊಡೆಯ ಮೇಲೆ ಮಲಗಿದ್ದ. ಅಡ್ಡಾದಿಡ್ಡಿಯಾದ ಕೈಯನ್ನು ಅವಳು ದುಪಟ್ಟಾದಲ್ಲಿ ಸುತ್ತಿ ಹಿಡಿದಿದ್ದಳು. ಪಕ್ಕದಲ್ಲಿ ಗೋಪಾಲ್ ಹೆಬ್ಬೆರಳು ಚೀಪುತ್ತ ಮಗನಿಗೆ ಪಾಠ ಹೇಳುತ್ತಿದ್ದ. “ಮೆಟ್ಲು ಮ್ಯಾಲಿಂದ ಬಿದ್ದೆ ಅನ್ಬೇಕು. ಏನನ್ಬೇಕ್ಲಾ?”

“ಬಿದ್ದೆ...”

ಸುಧಾಕರ್ ಕನ್ನಡಿಯಲ್ಲಿ ಅವಳನ್ನು ನೋಡಿದ. ದನಿ ಏರಿಸದೆ ಹೇಳಿದ: “ನೀನೂ ಅದನ್ನೇ ಹೇಳ್ತೀಯ. ಮಷೀನು ಒಡೆದವಳು ನೀನು. ನಿನ್ನೆ ಬೋರ್ಡ್ ಹತ್ತಿರ ನಿನ್ನ ಕೈ ನೋಡಿದೀನಿ. ಎಡಚಿ ಹೊಟ್ಟೆಕಿಚ್ಚಿಗೆ ಮಗು ಕೈ ಮುರಿದ್ಲು ಅಂತ ನಾವಿಬ್ಬರೂ ಹೇಳಿದ್ರೆ ನಿನ್ನ ಮಾತು ಯಾರು ಕೇಳ್ತಾರೆ?”

ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. ಪಟ್ಟಿ ಹಾಕುವಾಗ ಕೇಳಿದರು, “ಹೇಗಾಯ್ತು?”

“ಮೆಟ್ಲಿಂದ ಬಿದ್ದ ಡಾಕ್ಟ್ರೇ. ತುಂಟ ನನ್ಮಗ.”

“ಹೌದೇನೋ ಪುಟ್ಟ?”

ಅನಿರುದ್ಧ ತಲೆಯಾಡಿಸಿದ. ಸುಮಲತಳಿಗೆ ಇಸ್ತ್ರಿ ಪೆಟ್ಟಿಗೆ ನೆನಪಾಯಿತು. ಮಣಿಕಟ್ಟಿನ ಕಲೆ ಕಡಿಯತೊಡಗಿತು.

“ಈ ಕೈ ಆರು ವಾರ ಅಲ್ಲಾಡಿಸೋ ಹಾಗಿಲ್ಲ. ಅಲ್ಲೀವರೆಗೂ ಎಡಗೈಲಿ ಬರೀಲಿ ಬಿಡಿ.”

ಹುಡುಗನ ಕಣ್ಣಲ್ಲಿ ಏನೋ ಮಿನುಗಿತು. ಅವತ್ತಿನ ‘ನಾನೇ ಬರ್ದೆ’ಯ ಮಿನುಗು.

ಗೋಪಾಲ್‌ಗೂ ಅದು ಕಾಣಿಸಿತು. “ಅಂಗಾದ್ರೆ ಎಡಗೈಗೂ ಒಂದ್ ಪಟ್ಟಿ ಸುತ್ಬುಡಿ ಡಾಕ್ಟ್ರೇ. ಎರ್ಡೂ ಒಟ್ಗೆ ಬಿಚ್ಚಾಣ. ಇಲ್ದಿದ್ರೆ ಮಾಡಿದ್ದೆಲ್ಲ ಮಣ್ಣಾಯ್ತದೆ.” ನಗಲಿಲ್ಲ ಅವನು. “ಕ್ಲ್ಯಾಂಪು ಅಂಗೇ ಐತೆ, ಒಡ್ದಿಲ್ಲ. ಆಮ್ಯಾಕೆ ಇನ್ನೊಂದ್ ಮಿಷಿನ್‌ಗೆ ಕೂರಿಸ್ತೀನಿ” ಎಂದು ಸುಧಾಕರ್‌ನ ಕಿವಿಯಲ್ಲಿ ಹೇಳಿದ್ದು ಸುಮಲತಳಿಗೂ ಕೇಳಿಸಿತು.

ಹುಡುಗ ತನ್ನ ಎಡಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡ.

ಸುಮಲತ ಎದ್ದು ನಿಂತಳು. ಸುಧಾಕರ್ ಅವಳ ಭುಜ ಹಿಡಿದು ಅದುಮಿದ. ಉಗುರು ಒಳಗಿಳಿಯುವಷ್ಟು ಅದುಮಿದ. ಅವಳು ಕೊಡವಿಕೊಂಡಳು. ದನಿ ಮೊದಲು ಗಾಳಿಯಾಗಿ ಬಂತು, ಆಮೇಲೆ ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಬಂತು.

“ಅವನು ಬಿದ್ದಿಲ್ಲ ಡಾಕ್ಟ್ರೇ. ಕೈ ಕಟ್ಟಿಹಾಕಿ, ಕ್ಲ್ಯಾಂಪ್ ಬಿಗಿದು, ಇವನಪ್ಪನೇ ಮುರಿದ್ರು.”