ಮೋತಿಬಿಗೆ ಬರೆದುಕೊಟ್ಟ ಕಾಗದ

ನನ್ನ ಬಾಯಿ ಜೋರು, ಇಡೀ ಬೆಟಗೇರಿಗೇ ಗೊತ್ತು. ಗಂಡ ತೀರಿಕೊಂಡ ಮೇಲೆ ಆರು ಮಗ್ಗ ನಡೆಸಿದವಳು ನಾನು, ಬನಶಂಕರೆವ್ವ. ಬಾಯಿ ಮೆತ್ತಗಿದ್ದರೆ ಮಂದಿ ಮಗ್ಗದ ಕಟ್ಟಿಗೆಯನ್ನೂ ಬಿಡುತ್ತಿರಲಿಲ್ಲ. ಅಂಥ ನನಗೆ ಮೊನ್ನೆ ಒಂದು ಕಾಗದ ಬರೆಯುವುದು ಸಾಕುಬೇಕಾಯಿತು.

ಹೊಂಬಳದ ಬಸ್ಸಿಳಿದು ಮೋತಿಬಿ ಬಂದಿದ್ದಳು. ಹನ್ನೆರಡು ವರ್ಷ ನನ್ನಲ್ಲಿ ಹಾಸು ಕೆಚ್ಚಿದವಳು. ಮಗ್ಗದ ಹಳೆಯ ಹಾಸು, ಅಂದರೆ ಉದ್ದಕ್ಕೆ ಹಾಸಿದ ನೂಲು, ಮುಗಿಯುವಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಕೂಡಿಸಬೇಕು, ಅದೇ ಕೆಚ್ಚುವುದು. ಸಾವಿರಾರು ಎಳೆ, ಒಂದೂ ತಪ್ಪಬಾರದು. ನಾಲ್ಕು ವರ್ಷದ ಹಿಂದೆ ಒಂದು ಹಾಸು ಕೆಟ್ಟು ಸೀರೆಯ ಪಟ್ಟೆಗಳೆಲ್ಲ ಜಾಗ ತಪ್ಪಿದವು. ಎಲ್ಲರೆದುರು ಬೈದು ಅವಳನ್ನು ಹೊರಗೆ ಹಾಕಿದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು, ಒಂದು ಮಾತೂ ಆಡಲಿಲ್ಲ. ಅದನ್ನೇ ಒಪ್ಪಿಗೆ ಎಂದು ಮಂದಿ ತಿಳಿದರು. ಅಂದಿನಿಂದ ಯಾರೂ ಅವಳಿಗೆ ಹಾಸು ಮುಟ್ಟಗೊಡಲಿಲ್ಲ. ಪಾಪ, ಶೇಂಗಾ ಕೀಳುವ ಕೂಲಿಗೆ ಹೋಗುತ್ತಿದ್ದಳು.

“ಹೊಸಾ ಜಿಲ್ಲಾ ಆತಲ್ರಿ ಅಕ್ಕಾರ, ಗದಗಿನ್ಯಾಗ ನೇಯ್ಗಿ ಕಲಸೋ ಕೇಂದ್ರ ತಗದಾರ. ಕೆಚ್ಚೋದು ಕಲಸಾಕ ಒಬ್ಬಾಕಿ ಬೇಕಂತ. ಮೊದಲಿನ ಮಾಲಕರ ಕಾಗದ ತಾ ಅಂದಾರ. ನಾಳೆ ಕಡೇ ದಿನ.”

“ಅಷ್ಟ ಹೌದಿಲ್ಲೋ? ಕುಂಡ್ರು,” ಎಂದು ಬರೆದೆ: ಕೆಲಸದಲ್ಲಿ ಚುರುಕು, ನಡತೆ ಒಳ್ಳೆಯದು, ಸ್ವಂತ ಕಾರಣಕ್ಕೆ ಕೆಲಸ ಬಿಟ್ಟಳು. ಓದಿ ಹೇಳಿದೆ.

ಮೋತಿಬಿ ಕಾಗದ ಮುಟ್ಟಲಿಲ್ಲ. “ಹಾಸು ಕೆಡಿಸಿ ಹೊರಗ ಬಿದ್ದಾಕಿ ಅಂತ ಅಲ್ಲಿ ಖಬರ ಮುಟ್ಟೇತ್ರಿ. ಅದನ್ನ ಕೇಳ್ಯಾರ. ಕೆಡಿಸಿದ್ರ ಕೆಡಿಸ್ಯಾಳ ಅಂತ ಬರೀರಿ, ಇಲ್ಲಂದ್ರ ಇಲ್ಲ ಅಂತ ಬರೀರಿ. ಈ ಹೊಗಳಿಕಿ ತಗೊಂಡು ಏನ ಮಾಡ್ಲಿ?”

“ಏ, ನನಗ ಬುದ್ಧಿ ಹೇಳಾಕ ಬಂದೀಯೇನ? ನಾ ಸುಳ್ಳ ಬರದೇನಂತೀ?” ಎಂದು ಹಾರಿಬಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನ ಪಾಡು. ಏಕೆಂದರೆ ಆ ಹಾಸು ಕೆಡಿಸಿದ್ದು ನಾನೇ, ಅದೂ ಅಮಾವಾಸ್ಯೆಯ ದಿನ. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಹಿಂದೊಂದು ಅಮಾವಾಸ್ಯೆಗೆ ಲಾಳಿ ಹಿಡಿದ ತಪ್ಪಿಗೆ ನೇಕಾರ ತಿರಕಪ್ಪನನ್ನು ಒಂದು ವಾರ ಮನೆಗೆ ಕಳಿಸಿದವಳು ನಾನು. ಆದರೆ ಮದುವೆ ಸೀರೆಯ ಅವಸರಕ್ಕೆ ಬಾಗಿಲು ಮುಚ್ಚಿಕೊಂಡು ಕೂತು, ಮೋತಿಬಿ ಅರ್ಧಕ್ಕೆ ಬಿಟ್ಟುಹೋಗಿದ್ದ ಹಾಸನ್ನು ಮುಗಿಸಹೋಗಿ ಎಳೆ ತಪ್ಪಿಸಿದ್ದೆ. ಮರುದಿನ ನಿಜ ಹೇಳಲು ನಾಲಿಗೆ ಏಳಲಿಲ್ಲ.

“ಅವತ್ತ ಯಾಕ ಸುಮ್ನ ನಿಂತಿ?” ಎಂದು ಕೇಳಿದೆ.

“ನಿಮ್ಮ ಕೈ ನನಗ ಗೊತ್ತಿಲ್ಲೇನ್ರಿ? ನೀವು ಎಡಗೈಯವ್ರು, ಎಳಿ ಉಲ್ಟಾ ಹೊಸೀತೀರಿ. ನೋಡಿದ ಕೂಡ್ಲೇ ತಿಳೀತು. ಆದ್ರ ತಿರಕಪ್ಪಣ್ಣ ಅಲ್ಲೇ ಮಗ್ಗಲಕ್ಕ ನಿಂತಿದ್ದ. ನಿಮ್ಮ ಮರ್ಯಾದಿ ಹೋಗ್ತೇತಂತ ಬಾಯಿ ಮುಚ್ಚಿದ್ನಿ. ಸಿಟ್ಟಿಳದ ಮ್ಯಾಲೆ ಕರೀತಾರ ಅಂತ ತಿಳಕೊಂಡಿದ್ನಿ.”

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಇವತ್ತು ಬರೆಯದಿದ್ದರೆ ನಾನು ಮನುಷ್ಯಳೇ ಅಲ್ಲ ಎಂದುಕೊಂಡು ಆ ಕಾಗದ ಹರಿದೆ. “ಏ ತಿರಕಪ್ಪಾ! ಮಗ್ಗ ನಿಂದರ್ಸ್ರಿ, ಎಲ್ಲಾರೂ ಜಲ್ದಿ ಇಲ್ಲಿ ಬರ್ರಿ!”

ಅವರೆದುರೇ ಬರೆದು ಗಟ್ಟಿಯಾಗಿ ಓದಿದೆ: ‘ಆ ಹಾಸು ಕೆಡಿಸಿದವಳು ಮೋತಿಬಿ ಅಲ್ಲ. ಅಮಾವಾಸ್ಯೆಯ ದಿನ ಬಾಗಿಲು ಮುಚ್ಚಿಕೊಂಡು ಕೆಡಿಸಿದವಳು ನಾನು, ತಪ್ಪನ್ನು ಅವಳ ತಲೆಗೆ ಕಟ್ಟಿದವಳೂ ನಾನು. ಕೆಚ್ಚುವುದರಲ್ಲಿ ಇವಳಂಥ ಕೈ ಬೆಟಗೇರಿಯಲ್ಲಿ ಇನ್ನೊಂದಿಲ್ಲ.’

ತಿರಕಪ್ಪ ಬಾಯಿ ತೆರೆದುಕೊಂಡು ನಿಂತ. “ಏನ ನೋಡ್ತೀ ಲೇ? ನಗೋದಿದ್ರ ಈಗ ನಕ್ಕಬಿಡು,” ಎಂದು ಸಹಿ ಹಾಕಿದೆ. ಅವನು ನಗಲಿಲ್ಲ.

ಮೋತಿಬಿ ಕಾಗದ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು. “ತಪ್ಪಾತವಾ. ಆ ಕೆಲಸ ಸಿಗಲಿಲ್ಲಂದ್ರ ಇಲ್ಲೇ ಬಾ,” ಎಂದೆ.

“ಇಲ್ರಿ ಅಕ್ಕಾರ. ನೀವು ಕರೀತೀರಂತ ನಾಲ್ಕು ವರ್ಷ ಹಾದಿ ನೋಡಿದ್ನಿ. ಇನ್ನ ಬರೂದಿಲ್ಲ,” ಎಂದು ಮೆಟ್ಟಿಲಿಳಿದು ಗದಗಿನ ಕಡೆ ನಡೆದಳು.